ಬಚ್ಚಲಿನ ಹೊಸ ವೈರಿಂಗ್: ನಿಯಮಕ್ಕೆ ಸರಿಯಿದೆಯೇ?

ಹಳೆಯ ಬಚ್ಚಲುಮನೆಯನ್ನು ಹೊಸದು ಮಾಡುವ ಕೆಲಸ ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಸಾಗುತ್ತದೆ. ಗಾರೆ ನೆಲ ಕಿತ್ತುಬರುತ್ತದೆ, ಹಂಡೆಯ ಒಲೆ ಮುಚ್ಚಿಹೋಗುತ್ತದೆ, ಜಿಐ ಪೈಪಿನ ಜಾಗಕ್ಕೆ ಸಿಪಿವಿಸಿ ಬರುತ್ತದೆ. ಗೋಡೆ ಕೊರೆದು ಕಾಂಡ್ಯೂಟ್ ಹುದುಗಿಸಿ, ವೈರ್ ಎಳೆದು, ಸಿಮೆಂಟ್ ಮೆತ್ತಿದ ಬೆನ್ನಿಗೇ ಟೈಲ್ಸ್ ಕೆಲಸದವರು ಬಂದು ನಿಲ್ಲುತ್ತಾರೆ. ಕೊನೆಗೆ ಗೀಸರ್ ನೇತುಹಾಕಿ ಸ್ವಿಚ್ ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಇಪ್ಪತ್ತು ನಿಮಿಷಕ್ಕೆ ಶವರ್‌ನಲ್ಲಿ ಬಿಸಿನೀರು ಬೀಳುತ್ತದೆ. ವೈರ್‌ಮನ್ ಲೆಕ್ಕ ಚುಕ್ತಾ ಮಾಡಿಕೊಂಡು ಹೊರಡುತ್ತಾರೆ.

ಬಿಸಿನೀರು ಬಂದದ್ದರಿಂದ ತಿಳಿಯುವುದು ಫೇಸ್ ಮತ್ತು ನ್ಯೂಟ್ರಲ್ ಎರಡೂ ಗೀಸರ್‌ವರೆಗೆ ತಲುಪಿವೆ ಎಂಬುದಷ್ಟೆ. ಅರ್ತ್ ವೈರ್ ಗೋಡೆಯೊಳಗೆ ಎಲ್ಲಿಗೂ ಸೇರದೆ ತುಂಡಾಗಿ ನಿಂತಿದ್ದರೂ ನೀರು ಅಷ್ಟೇ ಬಿಸಿಯಾಗುತ್ತದೆ. ವೈರ್ ಒಂದು ಅಳತೆ ತೆಳುವಾಗಿದ್ದರೂ, ಎಂಸಿಬಿ ಇರಬೇಕಾದ್ದಕ್ಕಿಂತ ದೊಡ್ಡದಾಗಿದ್ದರೂ ಅಷ್ಟೇ. ವಿದ್ಯುತ್ ಕೆಲಸದಲ್ಲಿ ತಪ್ಪು ಮಾಡಿದ್ದು ಅಂದೇ ಗೊತ್ತಾಗುವುದು ಅಪರೂಪ; ಗೊತ್ತಾಗುವ ದಿನ ಒದ್ದೆ ಮೈಯಲ್ಲಿ ಯಾರೋ ನಲ್ಲಿ ಮುಟ್ಟಿರುತ್ತಾರೆ.

ಹೊಸದಾಗಿ ಎಳೆದ ಗೀಸರ್ ಅಥವಾ ಶವರ್ ಲೈನ್ ನಿಯಮಕ್ಕೆ ಸರಿಯಿದೆಯೇ ಎಂಬುದನ್ನು ಬೇರೆ ಬೇರೆ ಕಡೆಗಳಲ್ಲಿ ನೋಡಬೇಕಾಗುತ್ತದೆ: ವೈರಿನ ದಪ್ಪ, ಅದನ್ನು ಕಾಯುವ ಎಂಸಿಬಿ, ಅರ್ತಿಂಗ್, ಸೋರಿಕೆ ಹಿಡಿಯುವ ಆರ್‌ಸಿಸಿಬಿ, ಸ್ವಿಚ್ಚು-ಸಾಕೆಟ್‌ಗಳ ಜಾಗ, ಮತ್ತು ಇವೆಲ್ಲವನ್ನೂ ಅಳೆದು ಬರೆದಿಟ್ಟ ವರದಿ.

ಯಾವ ನಿಯಮ, ಯಾರ ನಿಯಮ

ಮನೆಯೊಳಗಿನ ವೈರಿಂಗ್ ಮನೆಯವರ ಸ್ವಂತ ವಿಚಾರ, ಮೀಟರ್‌ವರೆಗೆ ಮಾತ್ರ ಸರ್ಕಾರದ್ದು ಎಂಬ ನಂಬಿಕೆ ವ್ಯಾಪಕವಾಗಿದೆ. ಕಾನೂನು ಹಾಗೆ ಹೇಳುವುದಿಲ್ಲ. 2003ರ ವಿದ್ಯುತ್ ಕಾಯ್ದೆಯಡಿ ಕೇಂದ್ರೀಯ ವಿದ್ಯುತ್ ಪ್ರಾಧಿಕಾರ ಸುರಕ್ಷತಾ ನಿಯಮಾವಳಿಯನ್ನು ರೂಪಿಸಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳ ಜಾಗಕ್ಕೆ 2010ರ ನಿಯಮಾವಳಿ ಬಂತು. ಅದರ ಜಾಗದಲ್ಲಿ ಈಗ 2023ರದ್ದಿದೆ. ಮೀಟರ್ ದಾಟಿದ ಮೇಲಿನ ವೈರಿಂಗಿಗೂ ಅದು ಅನ್ವಯಿಸುತ್ತದೆ.

ಏನು ಮಾಡಬೇಕೆಂಬುದನ್ನು ನಿಯಮಾವಳಿ ಹೇಳಿದರೆ, ಹೇಗೆ ಮಾಡಬೇಕೆಂಬುದನ್ನು ಭಾರತೀಯ ಮಾನಕ ಬ್ಯೂರೊದ ಮಾನಕಗಳು ವಿವರಿಸುತ್ತವೆ. ಕಟ್ಟಡದ ವೈರಿಂಗಿಗೆ ಐಎಸ್ 732, ಅರ್ತಿಂಗಿಗೆ ಐಎಸ್ 3043. ಇವುಗಳ ಜೊತೆಗೆ ರಾಷ್ಟ್ರೀಯ ವಿದ್ಯುತ್ ಸಂಹಿತೆ. ಐಎಸ್ 732 2019ರಲ್ಲಿ ಪರಿಷ್ಕೃತವಾದಾಗ ಬಹುಪಾಲು ಅಂತರರಾಷ್ಟ್ರೀಯ ಐಇಸಿ 60364 ಮಾನಕದ ಚೌಕಟ್ಟನ್ನೇ ಅನುಸರಿಸಿತು. ಹಾಗಾಗಿ ಬೆಂಗಳೂರಿನ ಬಚ್ಚಲಿಗೂ ಬರ್ಮಿಂಗ್‌ಹ್ಯಾಮಿನ ಬಾತ್‌ರೂಮಿಗೂ ಲೆಕ್ಕದ ಮೂಲ ಒಂದೇ.

ಹಳೆಯ ಲೈನ್ ಮೂವತ್ತು ವರ್ಷ ಏನೂ ತೊಂದರೆ ಕೊಡಲಿಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಗೋಡೆ ಒಡೆದು ಹೊಸ ವೈರ್ ಎಳೆದ ಮೇಲೆ ಆ ಕೆಲಸವನ್ನು ಅಳೆಯುವುದು ಇಂದಿನ ನಿಯಮದಿಂದ.

ವೈರಿನ ಲೆಕ್ಕ

ಗೀಸರ್ ಎಷ್ಟು ಕರೆಂಟ್ ಎಳೆಯುತ್ತದೆ ಎಂದು ತಿಳಿಯಲು ಅದರ ಮೈಮೇಲಿನ ವ್ಯಾಟ್ ಸಂಖ್ಯೆಯನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಸಾಕು. ನೀರು ತುಂಬಿಟ್ಟು ಕಾಯಿಸುವ 2 ಕಿಲೋವ್ಯಾಟಿನ ಸಾಮಾನ್ಯ ಗೀಸರ್ ಎಳೆಯುವುದು 8.7 ಆಂಪಿಯರ್. 3 ಕಿಲೋವ್ಯಾಟಿನ ಪುಟ್ಟ ಇನ್‌ಸ್ಟಂಟ್ ಗೀಸರ್ 13 ಆಂಪಿಯರ್. ಅದೇ ಇನ್‌ಸ್ಟಂಟ್ 4.5 ಕಿಲೋವ್ಯಾಟಿನದಾದರೆ 19.6 ಆಂಪಿಯರ್, ಇದನ್ನು 16 ಆಂಪಿಯರ್‌ನ ಪವರ್ ಸಾಕೆಟ್ಟಿಗೆ ಚುಚ್ಚುವಂತೆಯೇ ಇಲ್ಲ. ಗೀಸರ್ ಸಣ್ಣದು, ವೈರಿಂಗೂ ಸಣ್ಣದು ಸಾಕು ಎಂಬ ಎಣಿಕೆ ಇಲ್ಲಿ ಪೂರ್ತಿ ತಲೆಕೆಳಗು. ಮೂರು ಲೀಟರಿನ ಡಬ್ಬಿ ಇಪ್ಪತ್ತೈದು ಲೀಟರಿನ ಟ್ಯಾಂಕಿಗಿಂತ ಹೆಚ್ಚು ಕರೆಂಟ್ ಎಳೆಯುತ್ತದೆ, ಏಕೆಂದರೆ ಅದಕ್ಕೆ ಕಾಯಲು ಸಮಯವಿಲ್ಲ.

ಇನ್ನು ವೈರ್. ಅಂಗಡಿಯಲ್ಲಿ ಒಂದೂವರೆ, ಎರಡೂವರೆ, ನಾಲ್ಕು ಎಂದು ಕೇಳುವ ಸಂಖ್ಯೆಗಳು ತಾಮ್ರದ ಅಡ್ಡಕೊಯ್ತದ ಚದರ ಮಿಲಿಮೀಟರ್. ಕಾಂಡ್ಯೂಟ್‌ನಲ್ಲಿ ಎಳೆದ ಪಿವಿಸಿ ಹೊದಿಕೆಯ ತಾಮ್ರದ ವೈರಿಗೆ ಅಂತರರಾಷ್ಟ್ರೀಯ ಕೋಷ್ಟಕ ಕೊಡುವ ಸಾಮರ್ಥ್ಯ ಹೀಗಿದೆ: 1.5ಕ್ಕೆ 17.5 ಆಂಪಿಯರ್, 2.5ಕ್ಕೆ 24, 4ಕ್ಕೆ 32, 6ಕ್ಕೆ 41. ಇಷ್ಟು ನೋಡಿದವರು ಎರಡೂವರೆ ವೈರ್ ಧಾರಾಳವಾಯಿತು ಎಂದುಕೊಳ್ಳುತ್ತಾರೆ. ಬಹಳಷ್ಟು ವೈರ್‌ಮನ್‌ಗಳೂ ಅಲ್ಲಿಗೇ ನಿಲ್ಲುತ್ತಾರೆ.

ಆದರೆ ಕೋಷ್ಟಕಕ್ಕೆ ಎರಡು ಷರತ್ತುಗಳಿವೆ: ಸುತ್ತಲಿನ ಉಷ್ಣತೆ 30 ಡಿಗ್ರಿ, ಮತ್ತು ಪೈಪಿನಲ್ಲಿ ಒಂದೇ ಸರ್ಕ್ಯೂಟ್. ಕಲಬುರಗಿಯ ಬೇಸಿಗೆಯನ್ನು ಬಿಡಿ, ತಾರಸಿಯ ಸ್ಲ್ಯಾಬಿನೊಳಗೆ ಹಾದ ಪೈಪು ಬೆಂಗಳೂರಿನಲ್ಲೂ 40 ಡಿಗ್ರಿ ಮುಟ್ಟುತ್ತದೆ. ಆಗ ಸಾಮರ್ಥ್ಯವನ್ನು 0.87ರಿಂದ ಗುಣಿಸಬೇಕು. ಅದೇ ಪೈಪಿನಲ್ಲಿ ಎಸಿ ಮತ್ತು ಅಡುಗೆಮನೆಯ ಪವರ್ ಲೈನ್ ಕೂಡ ತುರುಕಿದ್ದರೆ, ಮೂರು ಸರ್ಕ್ಯೂಟ್‌ಗಳಾದವು; ಒಂದರ ಬಿಸಿ ಇನ್ನೊಂದಕ್ಕೆ ತಟ್ಟುವುದರಿಂದ ಮತ್ತೆ 0.7ರಿಂದ ಗುಣಿಸಬೇಕು. 24 ಆಂಪಿಯರ್ ಇದ್ದದ್ದು 14.6ಕ್ಕೆ ಇಳಿಯಿತು.

3 ಕಿಲೋವ್ಯಾಟಿನ ಗೀಸರ್ ಎಳೆಯುವುದು 13 ಆಂಪಿಯರ್ ತಾನೆ, ಹಾಗಿದ್ದರೂ ಸಾಲುತ್ತದಲ್ಲ ಎನ್ನಬಹುದು. ಗೀಸರ್ ಮಟ್ಟಿಗೆ ಸಾಲುತ್ತದೆ, ನಿಯಮದ ಮಟ್ಟಿಗೆ ಇಲ್ಲ. ಆ ಲೈನಿಗೆ ಹಾಕುವುದು 16 ಆಂಪಿಯರ್ ಎಂಸಿಬಿ. ವೈರಿನ ಸಾಮರ್ಥ್ಯ ಎಂಸಿಬಿಗಿಂತ ಕೆಳಗಿಳಿಯಿತು. ನಾಲ್ಕರ ವೈರ್ ಎಳೆದಿದ್ದರೆ ಇದೇ ಲೆಕ್ಕ 19.5ಕ್ಕೆ ನಿಲ್ಲುತ್ತಿತ್ತು, 16ರ ಎಂಸಿಬಿಗೆ ಸರಿಹೋಗುತ್ತಿತ್ತು. ಗೀಸರಿಗೆ ಬೇರೆಯೇ ಪೈಪು ಕೊಟ್ಟಿದ್ದರೆ ಎರಡೂವರೆಯ ವೈರೇ 20.9 ಆಂಪಿಯರ್ ತಾಳುತ್ತಿತ್ತು. ಗೋಡೆ ಕೊರೆಯುವ ದಿನ ಇನ್ನೊಂದು ಪೈಪಿಗೆ ತಗಲುವ ಖರ್ಚು ಟೈಲ್ಸಿನ ಖರ್ಚಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ವೈರ್ ಸರಿಯಿದ್ದೂ ಕೆಡುವುದು ಜೋಡಣೆಯ ಜಾಗದಲ್ಲಿ. ಹಳೆಯ ವೈರಿನ ತುದಿಗೆ ಹೊಸದನ್ನು ಹೊಸೆದು ಟೇಪ್ ಸುತ್ತಿ ಪೈಪಿನೊಳಗೆ ತಳ್ಳುವುದು ಇನ್ನೂ ನಿಂತಿಲ್ಲ. ಸಡಿಲವಾದ ಜೋಡಣೆಯಲ್ಲಿ ಒಂದು ಓಮ್‌ನ ಹತ್ತನೇ ಒಂದು ಭಾಗದಷ್ಟು ಪ್ರತಿರೋಧ ಹುಟ್ಟಿದರೆ, 13 ಆಂಪಿಯರ್ ಹರಿಯುವಾಗ ಅಲ್ಲಿ 17 ವ್ಯಾಟ್ ಶಾಖ ಏಳುತ್ತದೆ. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು. ಹೆಚ್ಚುಕಡಿಮೆ ಅಂಥದ್ದೊಂದನ್ನು ಉರಿಯುತ್ತಿರುವಂತೆಯೇ ಗೋಡೆಯೊಳಗೆ ಹೂತಿಟ್ಟಂತೆ. ಗೀಸರಿನ ಪ್ಲಗ್ಗಿನ ಪಿನ್ನುಗಳು ಕಂದುಗಟ್ಟುವುದು, ಸಾಕೆಟ್ಟಿನ ಪ್ಲಾಸ್ಟಿಕ್ ಹಳದಿಯಾಗಿ ಉಬ್ಬುವುದು, ಸ್ವಿಚ್‌ಬೋರ್ಡ್ ಹತ್ತಿರ ಮೀನಿನ ವಾಸನೆಯಂಥ ಕಮಟು ಬರುವುದು ಇದರದೇ ಗುರುತು.

ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ

ಯಂತ್ರ ಎಳೆಯುವ ಕರೆಂಟಿಗಿಂತ ಎಂಸಿಬಿಯ ಸಂಖ್ಯೆ ಕಡಿಮೆಯಿರಬಾರದು, ಎಂಸಿಬಿಯ ಸಂಖ್ಯೆಗಿಂತ ವೈರಿನ ಸಾಮರ್ಥ್ಯ ಕಡಿಮೆಯಿರಬಾರದು. ವೈರಿಂಗ್ ಮಾನಕದ ಸಾರದಲ್ಲಿ ಅರ್ಧ ಇಷ್ಟರಲ್ಲೇ ಇದೆ. ಮೂರರಲ್ಲಿ ಯಾವುದೊಂದು ಜಾಗ ತಪ್ಪಿದರೂ ಲೈನ್ ಅನುತ್ತೀರ್ಣ.

ಜಾಗ ತಪ್ಪಿಸುವುದು ಹೆಚ್ಚಾಗಿ ಎಂಸಿಬಿಯನ್ನೇ. ಗೀಸರ್ ಹಾಕಿದಾಗಲೆಲ್ಲ 16ರ ಎಂಸಿಬಿ ಬೀಳುತ್ತದೆ ಎಂದು ದೂರು ಬರುತ್ತದೆ, ಕಾರಣ ಹುಡುಕುವ ಬದಲು 32ರದ್ದನ್ನು ತಂದು ಹಾಕುತ್ತಾರೆ, ದೂರು ನಿಲ್ಲುತ್ತದೆ. ಎಂಸಿಬಿ ತನ್ನ ಸಂಖ್ಯೆಗೆ ಸರಿಯಾಗಿ ಥಟ್ಟನೆ ಬೀಳುವ ಸಾಧನವಲ್ಲ. ಸಂಖ್ಯೆಯ 1.13 ಪಟ್ಟು ಹರಿದರೂ ಅದು ಒಂದು ಗಂಟೆಯ ತನಕ ಬೀಳಕೂಡದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಅಂದರೆ 32ರ ಎಂಸಿಬಿ 36 ಆಂಪಿಯರನ್ನು ಸುಮ್ಮನೆ ಬಿಟ್ಟುಕೊಡುತ್ತದೆ, 46 ಆಂಪಿಯರಿನಲ್ಲೂ ಒಂದು ಗಂಟೆ ಹಿಡಿಯಬಹುದು. ಅದರ ಕೆಳಗಿರುವುದು 14.6 ಆಂಪಿಯರ್ ತಾಳುವ ವೈರ್. ವೈರಿಂಗ್ ತಪ್ಪುಗಳಲ್ಲಿ ಇದಕ್ಕಿಂತ ಕೆಟ್ಟದ್ದು ಹೇಳುವುದು ಕಷ್ಟ, ಏಕೆಂದರೆ ಇದು ಅಜಾಗರೂಕತೆಯಲ್ಲ, ಎಚ್ಚರಿಸುತ್ತಿದ್ದ ಸಾಧನದ ಬಾಯಿ ಮುಚ್ಚಿಸುವುದು.

ಅರ್ತ್ ಇದ್ದರೂ ಸಾಲದ ಸಂದರ್ಭ

ಗೀಸರಿನ ಕಾಯಿಲ್ ತೂತಾಗಿ ಫೇಸ್ ನೀರಿಗೂ ತೊಟ್ಟಿಯ ಮೈಗೂ ಮುಟ್ಟಿತು ಎನ್ನೋಣ. ಅರ್ತ್ ವೈರ್ ಸರಿಯಿದ್ದರೆ ಕರೆಂಟ್ ಅದರ ಮೂಲಕ ನೆಲಕ್ಕಿಳಿಯುತ್ತದೆ, ಭಾರಿ ಪ್ರಮಾಣದಲ್ಲಿ ಹರಿದು ಎಂಸಿಬಿಯನ್ನು ಬೀಳಿಸುತ್ತದೆ ಎಂಬುದು ಪುಸ್ತಕದ ಮಾತು. ಕರ್ನಾಟಕದ ಬಹುತೇಕ ಮನೆಗಳ ಅಂಗಳದಲ್ಲಿ ಇದು ಹಾಗೆ ನಡೆಯುವುದಿಲ್ಲ.

ಇಲ್ಲಿ ಮನೆಮನೆಗೂ ಅದರದೇ ಅರ್ತ್ ಗುಂಡಿ ಇರುತ್ತದೆ. ಇದ್ದಿಲು, ಉಪ್ಪು ಹಾಕಿ ಪೈಪ್ ಹೂತ ಗುಂಡಿ, ಮನೆ ಕಟ್ಟಿದ ವರ್ಷ ನೀರು ಹಾಕಿಸಿಕೊಂಡದ್ದು, ಆಮೇಲೆ ಅದರ ಮೇಲೆ ಕಾಂಪೌಂಡಿನ ಟೈಲ್ಸ್ ಬಂದು ಕೂತದ್ದು. ಅದರ ಪ್ರತಿರೋಧ 5 ಓಮ್ ಇದೆ ಎಂದರೆ ಚೆನ್ನಾಗಿಯೇ ಇದೆ ಎಂದರ್ಥ. ಆಗ ಹರಿಯುವ ಕರೆಂಟ್ 230ನ್ನು 5ರಿಂದ ಭಾಗಿಸಿದಷ್ಟು, 46 ಆಂಪಿಯರ್. ಮನೆಗಳಲ್ಲಿ ಹಾಕುವ ಸಿ ಮಾದರಿಯ 16ರ ಎಂಸಿಬಿ ಕ್ಷಣದಲ್ಲಿ ಬೀಳಬೇಕಾದರೆ 160 ಆಂಪಿಯರ್ ತನಕ ಬೇಕಾಗಬಹುದು. 46 ಆಂಪಿಯರಿಗೆ ಅದು ಬಿಸಿಯಾಗಿ, ತಡಮಾಡಿ ಬೀಳುತ್ತದೆ.

ಮಣ್ಣು ಒಣಗಿ ಗುಂಡಿಯ ಪ್ರತಿರೋಧ 20 ಓಮ್‌ಗೆ ಏರಿದರೆ ಹರಿಯುವುದು 11.5 ಆಂಪಿಯರ್. ಎಂಸಿಬಿಗೆ ಅದು ಗೀಸರ್ ನಡೆಯುತ್ತಿರುವಂತೆಯೇ ಕಾಣುತ್ತದೆ, ಎಂದಿಗೂ ಬೀಳುವುದಿಲ್ಲ. ಅಷ್ಟೂ ಹೊತ್ತು ಗೀಸರಿನ ಮೈ, ಅದಕ್ಕೆ ಸೇರಿದ ಲೋಹದ ಭಾಗಗಳು, ಶವರಿನ ನೀರು ಎಲ್ಲದರಲ್ಲೂ ಅಪಾಯಕರ ವೋಲ್ಟೇಜ್ ಇರುತ್ತದೆ. ಅರ್ತ್ ಇತ್ತು, ಎಂಸಿಬಿ ಇತ್ತು, ಆದರೂ ಶಾಕ್ ಹೊಡೆಯಿತು ಎಂಬ ಒಗಟಿಗೆ ಉತ್ತರ ಈ ಭಾಗಾಕಾರದಲ್ಲಿದೆ.

ನವೀಕರಣವೇ ಅರ್ತನ್ನು ಕೊಲ್ಲುವ ಬಗೆಯೂ ಒಂದಿದೆ. ಹಳೆಯ ಮನೆಗಳಲ್ಲಿ ಅರ್ತ್ ವೈರನ್ನು ಜಿಐ ನೀರಿನ ಪೈಪಿಗೆ ಸುತ್ತಿಬಿಡುತ್ತಿದ್ದರು. ಅದು ಸರಿಯಾದ ಕ್ರಮವಲ್ಲದಿದ್ದರೂ ನೆಲದಲ್ಲಿ ಹೂತ ಕಬ್ಬಿಣ ಸ್ವಲ್ಪ ಕೆಲಸ ಮಾಡುತ್ತಿತ್ತು. ಪ್ಲಂಬರ್ ಬಂದು ಕಬ್ಬಿಣ ತೆಗೆದು ಸಿಪಿವಿಸಿ ಹಾಕಿದ ದಿನ ಆ ಅರ್ತ್ ಮಾಯ. ಪ್ಲಂಬರಿಗೆ ಅದು ಗೊತ್ತಿರುವುದಿಲ್ಲ, ವೈರ್‌ಮನ್ ಆಗ ಅಲ್ಲಿರುವುದಿಲ್ಲ. ಉಳಿದ ಹಸಿರು ವೈರ್ ಸಾಕೆಟ್ಟಿನಲ್ಲಿ ಅಚ್ಚುಕಟ್ಟಾಗಿ ಕೂತಿರುತ್ತದೆ.

ಅರ್ತ್ ಸಿಗದಿದ್ದಾಗ ಸಾಕೆಟ್ಟಿನ ಹಿಂದೆಯೇ ನ್ಯೂಟ್ರಲ್‌ಗೆ ಅರ್ತ್ ಪಿನ್ನನ್ನು ಜೋಡಿಸುವ ಉಪಾಯವೂ ಚಾಲ್ತಿಯಲ್ಲಿದೆ. ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿದರೆ ದೀಪ ಉರಿಯುತ್ತದೆ, ಅರ್ತ್ ಇದೆ ಎಂದು ತೋರಿಸಬಹುದು. ಆದರೆ ದಾರಿಯಲ್ಲಿ ಎಲ್ಲಾದರೂ ನ್ಯೂಟ್ರಲ್ ಕಡಿದರೆ, ಗೀಸರ್ ಹಾಳಾಗದೆಯೂ ಅದರ ಮೈಗೆ ಪೂರ್ತಿ 230 ವೋಲ್ಟ್ ಬಂದು ಕೂರುತ್ತದೆ. ಇಂಥ ಅರ್ತಿಗಿಂತ ಅರ್ತ್ ಇಲ್ಲದಿರುವುದು ವಾಸಿ.

ಮೂವತ್ತು ಮಿಲಿಆಂಪಿಯರಿನ ಗೆರೆ

ಈ ಕಾರಣಕ್ಕೇ ನಿಯಮಾವಳಿ ಸೋರಿಕೆ ಹಿಡಿಯುವ ಸಾಧನವನ್ನು ಬೇರೆಯಾಗಿ ಕೇಳುತ್ತದೆ. ಗೃಹಬಳಕೆಯ ಸಂಪರ್ಕದಲ್ಲಿ ಅದು 30 ಮಿಲಿಆಂಪಿಯರ್ ಮೀರದ ಸೋರಿಕೆಗೆ ಬೀಳುವಂತಿರಬೇಕು. ಅಂಗಡಿಯವರು ಇಂದಿಗೂ ಇಎಲ್‌ಸಿಬಿ ಎನ್ನುತ್ತಾರೆ. ಪೆಟ್ಟಿಗೆಯ ಮೇಲೆ ಆರ್‌ಸಿಸಿಬಿ ಎಂದಿರುತ್ತದೆ.

ಇದರ ಕೆಲಸ ಸರಳ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ಪ್ರಮಾಣದಲ್ಲಿ ವಾಪಸು ಬಂತೇ ಎಂದು ಅದು ಸದಾ ಹೋಲಿಸುತ್ತದೆ. ಕಡಿಮೆ ಬಂದರೆ ಉಳಿದದ್ದು ಬೇರೆ ದಾರಿ ಹಿಡಿದಿದೆ; ಆ ದಾರಿ ಅರ್ತ್ ವೈರೂ ಆಗಿರಬಹುದು, ಸ್ನಾನ ಮಾಡುತ್ತಿರುವವರ ಮೈಯೂ ಆಗಿರಬಹುದು. 30 ಮಿಲಿಆಂಪಿಯರ್ ಸೋರಿದರೆ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟು ಸೋರಿದರೆ 0.04 ಸೆಕೆಂಡಿನೊಳಗೆ ಅದು ಲೈನ್ ಕಡಿಯಬೇಕು. ಒದ್ದೆ ಮೈಯ ಪ್ರತಿರೋಧ ಒಂದು ಸಾವಿರ ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿಗೆ ಮೈಯಲ್ಲಿ ಹರಿಯುವುದು 230 ಮಿಲಿಆಂಪಿಯರ್. ಹೃದಯದ ಬಡಿತ ದಿಕ್ಕೆಡಲು ಅದು ಬೇಕಾದಷ್ಟಾಯಿತು. ಉಳಿಸುವುದು ವೇಗ ಮಾತ್ರ.

ಅರ್ತ್ ಗುಂಡಿಯ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಗುಂಡಿಯ ಪ್ರತಿರೋಧ 100 ಓಮ್‌ಗೆ ಏರಿದ್ದರೂ ಹರಿಯುವುದು 2.3 ಆಂಪಿಯರ್, ಎಂಸಿಬಿಗೆ ಅದು ಸೊಳ್ಳೆ ಕಚ್ಚಿದಷ್ಟೂ ಅಲ್ಲ, ಆದರೆ ಆರ್‌ಸಿಸಿಬಿಯ ಮಿತಿಗಿಂತ ಎಪ್ಪತ್ತು ಪಟ್ಟು ಹೆಚ್ಚು. ಯಾರೂ ಮುಟ್ಟುವ ಮೊದಲೇ ಅದು ಬಿದ್ದಿರುತ್ತದೆ. ಅರ್ತೇ ಇಲ್ಲದಿದ್ದರೆ ಆರ್‌ಸಿಸಿಬಿ ಬೀಳುವುದು ಯಾರಾದರೂ ಮುಟ್ಟಿದ ಮೇಲೆ. ಆದ್ದರಿಂದ ಎರಡೂ ಬೇಕು, ಒಂದರ ಬದಲು ಇನ್ನೊಂದಲ್ಲ.

ಕೊಳ್ಳುವಾಗ ನೋಡಬೇಕಾದ್ದು ಅದರ ಮೈಮೇಲೆ ಅಚ್ಚಾದ ಸೋರಿಕೆಯ ಸಂಖ್ಯೆ: 30 ಮಿಲಿಆಂಪಿಯರ್ ಅಥವಾ 0.03 ಆಂಪಿಯರ್. ಮಾರುಕಟ್ಟೆಯಲ್ಲಿ 100, 300 ಮಿಲಿಆಂಪಿಯರಿನವೂ ಸಿಗುತ್ತವೆ. ಅವು ಬೆಂಕಿ ತಡೆಯಲು ನೆರವಾದಾವು, ಬಚ್ಚಲಿಗೆ ಸಲ್ಲುವುದಿಲ್ಲ. ಆರ್‌ಸಿಸಿಬಿ ಓವರ್‌ಲೋಡನ್ನು ಗಮನಿಸುವುದಿಲ್ಲವಾದ್ದರಿಂದ ಎಂಸಿಬಿಯೂ ಜೊತೆಗಿರಬೇಕು. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟ ಆರ್‌ಸಿಬಿಒವನ್ನು ಗೀಸರ್ ಲೈನಿಗೆ ಪ್ರತ್ಯೇಕವಾಗಿ ಹಾಕುವುದು ಒಳ್ಳೆಯ ಆಯ್ಕೆ. ಗೀಸರ್ ಸೋರಿದರೆ ಮನೆಯೆಲ್ಲ ಕತ್ತಲಾಗದು.

ಹೊಸ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಎಂದು ಅದನ್ನು ತಪ್ಪಿಸಿ ನೇರ ಲೈನ್ ಕೊಡುವುದು ಎಲ್ಲೆಡೆ ನಡೆಯುವ ಪಾಪ. ಬೀಳುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಗೀಸರಿನ ನ್ಯೂಟ್ರಲ್ ಬೇರೊಂದು ಲೈನಿನ ನ್ಯೂಟ್ರಲ್ ಜೊತೆ ಬೆರೆತಿರುತ್ತದೆ. ಹೋದ ಲೆಕ್ಕಕ್ಕೂ ಬಂದ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಅಥವಾ ಕಾಯಿಲ್‌ನ ಕೊಳವೆಯೊಳಗೆ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವ ಹೀರಿಕೊಂಡು ಸಣ್ಣಗೆ ಸೋರುತ್ತಿರುತ್ತದೆ. ಬಹುಕಾಲ ಬಳಸದೆ ಬಿಟ್ಟ ಗೀಸರನ್ನು ಮಳೆಗಾಲದ ನಂತರ ಹಚ್ಚಿದಾಗ ಟ್ರಿಪ್ ಆಗುವುದು ಹೆಚ್ಚಾಗಿ ಇದರಿಂದ. ಎರಡೂ ಸರಿಪಡಿಸಬಹುದಾದ ದೋಷಗಳೇ.

ಸ್ವಿಚ್ ಎಲ್ಲಿ, ಸಾಕೆಟ್ ಎಲ್ಲಿ

ಸ್ನಾನದ ಕೋಣೆಯನ್ನು ಅಂತರರಾಷ್ಟ್ರೀಯ ಮಾನಕ ನೀರು ಬೀಳುವ ಸಾಧ್ಯತೆಗೆ ತಕ್ಕಂತೆ ವಲಯಗಳಾಗಿ ಹಂಚುತ್ತದೆ. ಸ್ನಾನದ ತೊಟ್ಟಿಯ ಒಳಗು ಸೊನ್ನೆಯ ವಲಯ. ಅದರ ಮೇಲಿನ ಜಾಗ, ನೆಲದಿಂದ 2.25 ಮೀಟರ್ ಎತ್ತರದವರೆಗೆ, ಒಂದನೆಯದು. ತೊಟ್ಟಿಯಿಲ್ಲದೆ ಬರೀ ಶವರ್ ಇರುವಲ್ಲಿ, ನೀರು ಹೊರಬರುವ ಬಿಂದುವಿನಿಂದ ಸುತ್ತ 1.2 ಮೀಟರ್ ಒಂದನೆಯ ವಲಯ. ಸಾಧಾರಣ ಸಾಕೆಟ್ಟಿಗೆ ಈ ವಲಯಗಳಲ್ಲಿ ಜಾಗವಿಲ್ಲ.

ನಾಲ್ಕಡಿ ಅಗಲ, ಏಳಡಿ ಉದ್ದದ ನಮ್ಮ ಬಚ್ಚಲಿನಲ್ಲಿ 1.2 ಮೀಟರಿನ ವೃತ್ತ ಎಳೆದರೆ ಕೋಣೆಯ ಬಹುಪಾಲು ಅದರೊಳಗೇ ಬೀಳುತ್ತದೆ. ಉಳಿಯುವುದು ಎತ್ತರ. 2.25 ಮೀಟರ್ ಎಂದರೆ ಏಳು ಅಡಿ ನಾಲ್ಕೂವರೆ ಅಂಗುಲ. ಗೀಸರ್ ಸಾಕೆಟ್ ಚಾವಣಿಯ ಹತ್ತಿರ ಇದ್ದರೆ ವಲಯದಿಂದ ಹೊರಗೆ. ಏಳಡಿ ಎತ್ತರದ ಲಾಫ್ಟಿನ ಕೆಳಗೆ, ಶವರಿನ ಪಕ್ಕ ಇದ್ದರೆ ಒಳಗೆ. ಗೀಸರನ್ನು ಪ್ಲಗ್ ಇಲ್ಲದೆ ನೇರವಾಗಿ ಜೋಡಿಸಿದರೆ ಈ ತಕರಾರೇ ಇಲ್ಲ.

ಸ್ವಿಚ್ ಇರಬೇಕಾದ್ದು ಬಾಗಿಲಾಚೆ, ಅದೂ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್. ಒಂದೇ ತಂತಿ ಕಡಿಯುವ ಸ್ವಿಚ್ ಹಾಕಿ, ಎಲ್ಲೋ ಫೇಸ್-ನ್ಯೂಟ್ರಲ್ ಅದಲುಬದಲಾಗಿದ್ದರೆ, ಆರಿಸಿದ ಗೀಸರಿನೊಳಗೂ ಫೇಸ್ ಉಳಿದೇ ಇರುತ್ತದೆ. ಕೆಂಪು ದೀಪ ಆರಿದೆ ಎಂದು ಮುಚ್ಚಳ ಬಿಚ್ಚಿದ ಮೆಕ್ಯಾನಿಕ್ಕಿಗೆ ಅದು ತಿಳಿಯುವುದು ಕೈ ಇಟ್ಟ ಮೇಲೆ.

ಬ್ರಿಟನ್ನಿನ ಶವರ್

ಇದೇ ಪ್ರಶ್ನೆ ಇನ್ನೂ ಬಿಗಿಯಾಗಿ ಏಳುವುದು ಬ್ರಿಟನ್ನಿನಲ್ಲಿ. ಅಲ್ಲಿನ ಎಲೆಕ್ಟ್ರಿಕ್ ಶವರ್ ಚಳಿಗಾಲದ ಹತ್ತು ಡಿಗ್ರಿಯ ನೀರನ್ನು ಹರಿಯುತ್ತಿರುವಾಗಲೇ ಮೂವತ್ತೇಳಕ್ಕೆ ಏರಿಸಬೇಕು. ನಿಮಿಷಕ್ಕೆ ಐದು ಲೀಟರ್ ಹರಿದರೆ ಅದಕ್ಕೆ ಸುಮಾರು 9.5 ಕಿಲೋವ್ಯಾಟ್ ಬೇಕು. ಎಳೆಯುವುದು 40 ಆಂಪಿಯರ್ ಆಸುಪಾಸು, ಅಂದರೆ 2 ಕಿಲೋವ್ಯಾಟಿನ ನಮ್ಮ ನಾಲ್ಕೈದು ಗೀಸರ್‌ಗಳು ಒಟ್ಟಿಗೆ ಎಳೆದಷ್ಟು. ಅದಕ್ಕೆಂದೇ ವಿತರಣಾ ಪೆಟ್ಟಿಗೆಯಿಂದ (ಡಿಬಿ) ಪ್ರತ್ಯೇಕ ಲೈನ್, ಸಾಮಾನ್ಯವಾಗಿ 10 ಚದರ ಮಿಲಿಮೀಟರಿನ ಕೇಬಲ್, ಚಾವಣಿಯಿಂದ ದಾರ ಎಳೆದು ಹಚ್ಚುವ ಡಬಲ್ ಪೋಲ್ ಸ್ವಿಚ್.

ಅಲ್ಲಿನ ವೈರಿಂಗ್ ಮಾನಕ ಬಿಎಸ್ 7671, ಈಗ ಹದಿನೆಂಟನೆಯ ಆವೃತ್ತಿ. ಗೋಡೆಯ ಮೇಲೆ ಬಿಗಿದ 10ರ ಕೇಬಲ್ 64 ಆಂಪಿಯರ್ ತಾಳುತ್ತದೆ. ಆದರೆ ಚಳಿ ತಡೆಯಲು ಅಟ್ಟದಲ್ಲಿ ಹಾಸಿದ ದಪ್ಪ ನಾರಿನ ಹಾಸಿಗೆಯೊಳಗೆ ಅದೇ ಕೇಬಲ್ ಅರ್ಧ ಮೀಟರಿಗಿಂತ ಹೆಚ್ಚು ದೂರ ಪೂರ್ತಿ ಹೂತುಹೋದರೆ ಸಾಮರ್ಥ್ಯ ಅರ್ಧಕ್ಕೆ ಇಳಿದು 32 ಆಗುತ್ತದೆ. 40ರ ಎಂಸಿಬಿಗೆ ಅದು ಸಾಲದು. ಕೇಬಲ್ ದಪ್ಪ ಸರಿಯಿದ್ದೂ ಹಾದುಹೋದ ದಾರಿಯಿಂದಾಗಿ ಲೈನ್ ಅನುತ್ತೀರ್ಣವಾಗುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರಿಂದ ಕಟ್ಟಡ ನಿಯಮಗಳ ಪಿ ಭಾಗ ಜಾರಿಯಲ್ಲಿದೆ. ಹೊಸ ಸರ್ಕ್ಯೂಟ್ ಎಳೆದರೆ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು, ಇಲ್ಲವೇ ತನ್ನ ಕೆಲಸವನ್ನು ತಾನೇ ಪ್ರಮಾಣೀಕರಿಸುವ ಅಧಿಕಾರವುಳ್ಳ ನೋಂದಾಯಿತ ಎಲೆಕ್ಟ್ರಿಷಿಯನ್ ಮಾಡಬೇಕು. ಅಲ್ಲಿ ಮನೆ ಕೊಂಡು ಬಾತ್‌ರೂಮ್ ಬದಲಿಸುವ ಕನ್ನಡಿಗರು ಆ ಪ್ರಮಾಣಪತ್ರವನ್ನು ಜೋಪಾನ ಮಾಡುವುದು ಲೇಸು. ಮನೆ ಮಾರುವ ದಿನ ಕೊಳ್ಳುವವರ ವಕೀಲರು ಅದನ್ನು ಕೇಳುತ್ತಾರೆ.

ಅಳತೆ ಮತ್ತು ಕಾಗದ

ನಮ್ಮಲ್ಲೂ ಕಾನೂನಿನ ಮಾತು ಸ್ಪಷ್ಟವಾಗಿಯೇ ಇದೆ. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದಂತೆಯೇ ಬದಲಿಸುವುದನ್ನು ಬಿಟ್ಟು, ಲೈನಿನ ಸಾಮರ್ಥ್ಯ ಅಥವಾ ಸ್ವರೂಪವನ್ನು ಬದಲಿಸುವ ಯಾವ ಕೆಲಸವನ್ನೂ ರಾಜ್ಯ ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕು, ಅರ್ಹತಾ ಪತ್ರ ಉಳ್ಳವರ ಮೇಲ್ವಿಚಾರಣೆಯಲ್ಲಿ ಮಾಡಬೇಕು. ಕರ್ನಾಟಕದಲ್ಲಿ ಈ ಪರವಾನಗಿ ನೀಡುವುದು ವಿದ್ಯುತ್ ಪರಿವೀಕ್ಷಣಾಲಯ. ಹೊಸ ಗೀಸರ್ ಲೈನ್ ಎಳೆಯುವುದು ಈ ವ್ಯಾಖ್ಯೆಯೊಳಗೆ ಬರುತ್ತದೆ. ಹೊಸ ಸಂಪರ್ಕ ಪಡೆಯುವಾಗ ಗುತ್ತಿಗೆದಾರರ ವರದಿಯನ್ನು ಎಸ್ಕಾಂ ಕೇಳುತ್ತದೆ. ಮೀಟರ್ ಬಂದ ಮೇಲಿನ ನವೀಕರಣಕ್ಕೆ ಕೇಳುವವರು ಯಾರೂ ಬರುವುದಿಲ್ಲ. ಲೋಪ ಇರುವುದು ಅಲ್ಲಿ.

ಟೈಲ್ಸ್ ಕೂರಿಸುವ ಮುಂಚೆಯೇ ಮಾಡಬೇಕಾದ ಪರೀಕ್ಷೆಗಳಿವೆ. ಅರ್ತ್ ವೈರ್ ಗೀಸರ್ ಪಾಯಿಂಟ್‌ನಿಂದ ಮೇನ್ ಅರ್ತ್‌ವರೆಗೆ ಕಡಿಯದೆ ಸಾಗಿದೆಯೇ ಎಂಬುದು ಮೊದಲನೆಯದು. ಆಮೇಲೆ ವೈರಿನ ಹೊದಿಕೆಯ ನಿರೋಧ ಅಳೆಯುವ ಮೆಗ್ಗರ್: ಫೇಸ್ ಮತ್ತು ನ್ಯೂಟ್ರಲನ್ನು ಒಟ್ಟು ಸೇರಿಸಿ, ಅರ್ತ್‌ಗೆ ಎದುರಾಗಿ 500 ವೋಲ್ಟ್ ಡಿಸಿ ಕೊಟ್ಟಾಗ ಕನಿಷ್ಠ 1 ಮೆಗಾಓಮ್ ಬರಬೇಕು. ಇದು ತೀರಾ ತಳದ ಗೆರೆ. ಹೊಸ ಪಿವಿಸಿ ವೈರ್ ಇದರ ಎಷ್ಟೋ ಪಟ್ಟು ತೋರಿಸುತ್ತದೆ. ಹೊಸ ಲೈನಿನಲ್ಲಿ ಎರಡೋ ಮೂರೋ ಮೆಗಾಓಮ್ ಬಂದರೆ ಪೈಪಿಗೆ ನೀರು ಇಳಿದಿದೆ ಅಥವಾ ಎಳೆಯುವಾಗ ಹೊದಿಕೆ ತರಚಿದೆ ಎಂದು ಅನುಮಾನಿಸಬೇಕು. ಫೇಸ್-ನ್ಯೂಟ್ರಲ್ ಅದಲುಬದಲಾಗಿಲ್ಲವೇ ಎಂದು ಸಾಕೆಟ್ಟಿನಲ್ಲೇ ನೋಡಬೇಕು.

ಲೈನ್ ಚಾಲೂ ಆದ ಮೇಲೆ ಆರ್‌ಸಿಸಿಬಿ ಎಷ್ಟು ಮಿಲಿಸೆಕೆಂಡಿಗೆ ಬೀಳುತ್ತದೆ, ಅರ್ತ್ ಪ್ರತಿರೋಧ ಎಷ್ಟು ಎಂದು ಉಪಕರಣದಿಂದ ಅಳೆಯಬೇಕು. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದಾಗ ಬೀಳುವುದು ಅದರ ಒಳಗಿನ ಯಂತ್ರ ಸರಿಯಿದೆ ಎಂಬುದಕ್ಕೆ ಮಾತ್ರ ಸಾಕ್ಷಿ. ಅರ್ತ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಆ ಗುಂಡಿಯನ್ನು ಮನೆಯವರು ಆಗಾಗ ಒತ್ತಿ ನೋಡುತ್ತಿರಬೇಕು, ಆದರೆ ಅದು ಪರೀಕ್ಷಾ ವರದಿಗೆ ಬದಲಿಯಲ್ಲ.

ವೈರ್‌ಮನ್ ಜೊತೆ ಮಾತು ಮುಗಿಸುವ ಮುನ್ನ ಮನೆಯವರು ಕೇಳಿ ಬರೆಸಿಕೊಳ್ಳಬೇಕಾದ ವಿವರಗಳು ಒಂದು ಪುಟಕ್ಕಿಂತ ಕಡಿಮೆ: ವೈರಿನ ಅಳತೆ ಮತ್ತು ಪೈಪಿನಲ್ಲಿರುವ ಸರ್ಕ್ಯೂಟ್‌ಗಳ ಸಂಖ್ಯೆ, ಎಂಸಿಬಿಯ ಸಂಖ್ಯೆ, ಮೆಗ್ಗರ್ ತೋರಿಸಿದ್ದು, ಆರ್‌ಸಿಸಿಬಿ ಬಿದ್ದ ಸಮಯ, ಅರ್ತ್ ಪ್ರತಿರೋಧ, ಗುತ್ತಿಗೆದಾರರ ಪರವಾನಗಿ ಸಂಖ್ಯೆ ಮತ್ತು ಸಹಿ. ಟೈಲ್ಸ್ ಹಾಕುವ ಮೊದಲು ಗೋಡೆಯ ಪೈಪುಗಳ ಫೋಟೊ ತೆಗೆದಿಟ್ಟರೆ ಮುಂದೆ ಮೊಳೆ ಹೊಡೆಯುವವರಿಗೂ ಉಪಕಾರ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಬಚ್ಚಲಿನ ಲೈನ್, ಉಳಿದೆಲ್ಲವೂ ಚೆನ್ನಾಗಿದ್ದರೂ, ಇಂದಿನ ನಿಯಮಕ್ಕೆ ಸರಿಯಿಲ್ಲ. ಅದಿದ್ದೂ ಈ ಅಂಕಿಗಳು ಯಾರ ಕೈಯಲ್ಲೂ ಇಲ್ಲದಿದ್ದರೆ, ಪರವಾನಗಿ ಉಳ್ಳ ಗುತ್ತಿಗೆದಾರರನ್ನು ಕರೆಸಿ ಈಗಲಾದರೂ ಅಳೆಸಿಕೊಳ್ಳಬೇಕು. ಮೆಗ್ಗರ್, ಆರ್‌ಸಿಸಿಬಿ, ಅರ್ತ್ ಪರೀಕ್ಷೆಗಳನ್ನು ಒಂದೇ ಒಂದು ಟೈಲ್ಸ್ ಒಡೆಯದೆ ಮಾಡಬಹುದು.